ದೂರದ ಓಟಕ್ಕೆ ನಿತ್ಯದ ನೇಮ

(ಶತಮಾನೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಂಗಲಿ–ಮಿರಜ ರಸ್ತೆಯಲ್ಲಿ ಬೆಳಗಿನ ಜಾವ ಓಡುವ ನಮ್ಮ ಬಳಗಕ್ಕೆ ಈ ವೇದಿಕೆಯಿಂದ ಎರಡು ಮಾತು ಹೇಳುವ ಅವಕಾಶ ದೊರೆತಿದೆ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರು, ಹೆಚ್ಚುಕಡಿಮೆ ಸಾಂಗಲಿಯಿಂದ ಮಿರಜಕ್ಕೆ ಎರಡು ಸಲ ಹೋಗಿ ಬಂದಷ್ಟು ದೂರ. ಅದನ್ನು ಓಡುವ ಒಂದು ದಿನಕ್ಕಿಂತ ಅದಕ್ಕಾಗಿ ಸಿದ್ಧರಾಗುವ ನಾಲ್ಕೈದು ತಿಂಗಳು ಕಠಿಣ. ಆ ತಿಂಗಳುಗಳಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವ ಬಗೆ ಯಾವುದು ಎಂಬುದೇ ಇಂದಿನ ನಮ್ಮ ವಿಷಯ.

ಈ ಓಟ ನಮ್ಮ ಸೀಮೆಗೆ ಹೊಸದಲ್ಲ. ದೋರಾಬ್ಜಿ ಟಾಟಾ ಅವರ ಮುಂದಾಳತನದಲ್ಲಿ 1920ರ ಆಂಟ್ವರ್ಪ್ ಒಲಿಂಪಿಕ್ಸಿಗೆ ಹೋದ ಭಾರತದ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅಂದು ಮ್ಯಾರಥಾನಿನ ದೂರ 42.75 ಕಿಲೋಮೀಟರು. ಅವರು ಅದನ್ನು 2 ಗಂಟೆ 50 ನಿಮಿಷಗಳಲ್ಲಿ ಮುಗಿಸಿ 19ನೆಯವರಾಗಿ ಬಂದರು. ಇಂದಿನ ಬೂಟುಗಳಾಗಲಿ, ಹೆಜ್ಜೆ ಎಣಿಸುವ ಕೈಗಡಿಯಾರಗಳಾಗಲಿ ಇರದ ಕಾಲವದು.

ಓಟ ಆರಂಭಿಸುವವರಿಗೆ ಉತ್ಸಾಹದ ಕೊರತೆ ಇರುವುದಿಲ್ಲ. ಹೆಸರು ನೋಂದಾಯಿಸಿದ ವಾರ ಎಲ್ಲರೂ ಐದು ಗಂಟೆಗೇ ಏಳುತ್ತಾರೆ. ಆದರೆ ಜನವರಿಯ ಮುಂಬಯಿ ಮ್ಯಾರಥಾನಿಗೆ ಸಿದ್ಧತೆ ಆರಂಭವಾಗುವುದು ಮಳೆಗಾಲದಲ್ಲಿ. ಆಗ ಕೃಷ್ಣೆ ತುಂಬಿ ಹರಿಯುತ್ತಾಳೆ, ದಾರಿ ಕೆಸರಾಗುತ್ತದೆ. ಮಳೆ ನಿಂತಿತೆನ್ನುವಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆಗಿಳಿಯುತ್ತವೆ. ನಡುವೆ ಮದುವೆ, ರಾತ್ರಿ ಪಾಳಿ, ಮಕ್ಕಳ ಪರೀಕ್ಷೆ. ಮೂರನೆಯ ತಿಂಗಳಿಗೆ ಉತ್ಸಾಹ ಆರಿಹೋಗುತ್ತದೆ. ಅದು ಆರಿದ ಮೇಲೂ ನಮ್ಮನ್ನು ಎಬ್ಬಿಸುವುದು ನೇಮ.

ನೇಮವೆಂದರೆ ಹಟವಲ್ಲ, ಏರ್ಪಾಡು. ಓಡುವ ವೇಳೆ ಗೊತ್ತಾಗಿರಬೇಕು. ಬೂಟು, ಬಟ್ಟೆ ರಾತ್ರಿಯೇ ಬಾಗಿಲ ಬಳಿ ಇರಬೇಕು. ವಿಶ್ರಾಮಬಾಗದ ತಿರುವಿನಲ್ಲಿ ಒಬ್ಬ ಜೊತೆಗಾರ ಕಾಯುತ್ತಿರಬೇಕು. ಆಗ ‘ಇಂದು ಹೋಗಲೋ ಬೇಡವೋ’ ಎಂಬ ಚರ್ಚೆಗೆ ಎಡೆಯೇ ಇರುವುದಿಲ್ಲ. ಹೆಚ್ಚಿನ ದಿನ ಮಾತಾಡುತ್ತ ಓಡಬಲ್ಲಷ್ಟು ನಿಧಾನ ಸಾಕು. ವಾರಕ್ಕೊಮ್ಮೆ ದೂರದ ಓಟ. ಅದನ್ನು ಸ್ವಲ್ಪ ಸ್ವಲ್ಪವೇ ಏರಿಸಿ 30 ಕಿಲೋಮೀಟರಿನ ಸುತ್ತ ತಂದರೆ ಸಾಕು. ವಿಶ್ರಾಂತಿಯ ದಿನವೂ ಅಭ್ಯಾಸದ ದಿನವೇ. ಒಂದು ದಿನ ತಪ್ಪಿದರೆ ಮರುದಿನ ಇಮ್ಮಡಿ ಓಡಿ ಸಾಲ ತೀರಿಸಬಾರದು, ಎಂದಿನಷ್ಟೇ ಓಡಬೇಕು. ನೋವು ಬಿಡದಿದ್ದರೆ ವೈದ್ಯರನ್ನು ಕಾಣಬೇಕು.

ಮಿರಜದವರಿಗೆ ಈ ಮಾತು ಪರಿಚಿತವೇ. ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿ ರಿಯಾಜು ಮಾಡಿದ ಊರಿದು. ಅವರ ಶಿಷ್ಯ ಸವಾಯಿ ಗಂಧರ್ವರು ನಮ್ಮ ಕುಂದಗೋಳದವರು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ರೈಲು ಯಾರ ಮನಸ್ಸಿಗಾಗಿಯೂ ಕಾಯುವುದಿಲ್ಲ. ಓಟಗಾರನೂ ತನಗಾಗಿ ಅಂಥದೊಂದು ರೈಲನ್ನು ಗೊತ್ತುಮಾಡಿಕೊಳ್ಳಬೇಕು.

ಪಾಲಕರಲ್ಲಿ ಒಂದು ವಿನಂತಿ. ಮಕ್ಕಳನ್ನು 42 ಕಿಲೋಮೀಟರು ಓಡಿಸಬೇಡಿರಿ. ಬೆಳೆಯುವ ಎಲುಬಿಗೆ ಅದು ಹೊರೆ. ಅವರಿಗೆ ಬೇಕಾದುದು ಮೈದಾನದ ಆಟ ಮತ್ತು ಮನೆಯಲ್ಲೊಂದು ಗೊತ್ತಾದ ವೇಳೆ. ಸುತ್ತ ಮರಾಠಿ, ಮುಂದೆ ಇಂಗ್ಲಿಷು. ಎರಡೂ ನಮಗೆ ಬೇಕಾದುವೇ. ಅವುಗಳ ನಡುವೆ ಕನ್ನಡ ಉಳಿಯುವುದು ನವೆಂಬರದ ಒಂದು ದಿನದ ಘೋಷಣೆಯಿಂದಲ್ಲ, ದಿನಕ್ಕೆ ಅರ್ಧ ಗಂಟೆಯ ಓದಿನಿಂದ. ಪ್ರತಿ ಜೂನಿನಲ್ಲಿ ಒಂದನೆಯ ಇಯತ್ತೆಗೆ ಎಷ್ಟು ಮಕ್ಕಳು ಬರುವರೋ ಎಂಬ ಚಿಂತೆ ನಮ್ಮ ಗುರುಗಳಿಗೆ ಇದ್ದೇ ಇದೆ. ಆ ಚಿಂತೆಯ ನಡುವೆಯೂ ಮರುದಿನದ ಗಂಟೆ ವೇಳೆಗೆ ಸರಿಯಾಗಿ ಬಾರಿಸಿದವರಿಂದಲೇ ಈ ಶಾಲೆ ನೂರು ವರ್ಷ ನಡೆದಿದೆ. ಅದಕ್ಕಿಂತ ದೊಡ್ಡ ಮ್ಯಾರಥಾನನ್ನು ನಾವು ಕಂಡಿಲ್ಲ.

ಬರುವ ಜೂನಿನಲ್ಲಿ ನಮ್ಮ ನಮ್ಮ ಮನೆಯ, ಓಣಿಯ ಒಂದೊಂದು ಮಗುವನ್ನು ಈ ಬಾಗಿಲಿಗೆ ಕರೆತರೋಣ.