ಮಗುವಿನ ಉಸಿರಿನ ದಾರಿ: ಟ್ಯೂಬಾ, ಮಾಸ್ಕಾ?

ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋನು. ಮಗಳಿಗೆ ಹರ್ನಿಯಾ ಆಪರೇಷನ್ ಅಂತಾದಾಗ, ಪುಣೆಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮೊದಲು ಓದಿಕೊಂಡಿದ್ದು ಹೇಳ್ತೀನಿ. ಊರಿನ ಡಾಕ್ಟರ್ ಹತ್ರ ಕೇಳೋ ಹಾಗೆ ಇಲ್ಲಿ ಮರಾಠಿ, ಹಿಂದಿಯಲ್ಲಿ ಕೇಳಕ್ಕೆ ನಮಗೆ ಬಾಯಿ ಬರಲ್ಲ, ಅಲ್ವಾ?

ಅರಿವಳಿಕೆ ಕೊಟ್ಟಾಗ ಗಂಟಲಿನ ಸ್ನಾಯುಗಳು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳಬಹುದು. ಚಿಕ್ಕ ಕೆಲಸಕ್ಕೆ ಮುಖದ ಮೇಲೆ ಮಾಸ್ಕ್ ಹಿಡಿದರೆ ಸಾಕು. ಇಲ್ಲದಿದ್ದರೆ ಎರಡು ದಾರಿ. ಒಂದು, ಧ್ವನಿತಂತುಗಳ ನಡುವಿಂದ ಶ್ವಾಸನಾಳದೊಳಗೆ ಹೋಗುವ ಟ್ಯೂಬ್. ಇನ್ನೊಂದು ಲಾರಿಂಜಿಯಲ್ ಮಾಸ್ಕ್. ಇದು ಧ್ವನಿಪೆಟ್ಟಿಗೆಯ ಮೇಲೆ ಕೂರುತ್ತೆ, ಒಳಗೆ ಇಳಿಯಲ್ಲ. 1981ರಲ್ಲಿ ಆರ್ಚಿ ಬ್ರೇನ್ ಅನ್ನೋ ಬ್ರಿಟಿಷ್ ವೈದ್ಯರು ಮಾಡಿದ್ದು.

ಒಳಗೆ ಇಳಿಯೋದು ಯಾಕೆ ಮುಖ್ಯ? ಲೆಕ್ಕ ನೋಡಿ. ಗಾಳಿ ನಯವಾಗಿ ಹರಿಯುವಾಗ ಅದಕ್ಕಿರುವ ತಡೆ, ತ್ರಿಜ್ಯ ಕಡಿಮೆಯಾದಂತೆ, ಅದರ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಏರುತ್ತೆ. 8 ಮಿ.ಮೀ. ಅಗಲದ ನಾಳದಲ್ಲಿ ಸುತ್ತಲೂ 1 ಮಿ.ಮೀ. ಊದಿದರೆ ತಡೆ ಸುಮಾರು ಮೂರು ಪಟ್ಟು. 4 ಮಿ.ಮೀ. ನಾಳದಲ್ಲಿ ಅಷ್ಟೇ ಊತಕ್ಕೆ 16 ಪಟ್ಟು! ಮಗು ಅಂದ್ರೆ ದೊಡ್ಡವರ ಸ್ಕೇಲ್-ಡೌನ್ ವರ್ಷನ್ ಅಲ್ಲ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಒಂದು ವರ್ಷದೊಳಗಿನ ಶಿಶುಗಳ ಮೇಲೆ ಹೋಲಿಕೆ ಮಾಡಿ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಸಣ್ಣ ಶಸ್ತ್ರಚಿಕಿತ್ಸೆಗಳು. ಉಸಿರಾಟದ ತೊಂದರೆ ಟ್ಯೂಬ್ ಹಾಕಿದವರಲ್ಲಿ ಶೇ. 53, ಮಾಸ್ಕ್‌ನವರಲ್ಲಿ ಶೇ. 18. ಇದನ್ನ ಓದಿ ‘ಟ್ಯೂಬ್ ಬೇಡ’ ಅಂತ ಹಟ ಹಿಡಿಯಬೇಡಿ. ಹೊಟ್ಟೆಯಲ್ಲಿ ಆಹಾರ ಇದ್ದರೆ, ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗದಂತೆ ಮಾಸ್ಕ್ ಪೂರ್ತಿ ತಡೆಯಲ್ಲ. ಅಲ್ಲಿ ಟ್ಯೂಬೇ ಬೇಕು. ಎದೆಯ ಶಸ್ತ್ರಚಿಕಿತ್ಸೆಗೂ ಹೆಚ್ಚಾಗಿ ಅದೇ.

ಟ್ಯೂಬ್ ಕೂಡ ಬದಲಾಗಿದೆ. ತುದಿಯಲ್ಲಿ ಬಲೂನಿನಂಥ ಕಫ್ ಇರೋ ಟ್ಯೂಬ್ ಸಣ್ಣ ಮಕ್ಕಳಿಗೆ ಆಗಲ್ಲ ಅಂತ ಬಹಳ ಕಾಲ ನಂಬಿದ್ರು. 2009ರ ಯುರೋಪಿನ ಅಧ್ಯಯನದಲ್ಲಿ, 2246 ಮಕ್ಕಳಲ್ಲಿ, ಆಮೇಲೆ ಬರುವ ಗೊರಗೊರ ಉಸಿರು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಅಳತೆ ಸರಿಹೋಗದೆ ಟ್ಯೂಬ್ ಬದಲಿಸಿದ್ದು ಮಾತ್ರ ಕಫ್ ಇದ್ದಲ್ಲಿ ಶೇ. 2.1, ಇಲ್ಲದಲ್ಲಿ ಶೇ. 30.8. ಪ್ರತಿ ಬದಲಾವಣೆ ಅಂದ್ರೆ ಆ ಪುಟ್ಟ ಗಂಟಲಿಗೆ ಇನ್ನೊಂದು ಸಲ ಉಪಕರಣ.

ಆಯ್ಕೆ ಅರಿವಳಿಕೆ ತಜ್ಞರದ್ದೇ. ಆದ್ರೆ ಅವರ ಇನ್‌ಪುಟ್ ನಾವು. ಎರಡು ವಾರದೊಳಗೆ ನೆಗಡಿ, ಕೆಮ್ಮು ಬಂದಿತ್ತಾ, ಹೇಳಿ. ಗಂಟಲು ಬಿಗಿದುಕೊಳ್ಳೋ ಅಪಾಯ ಜಾಸ್ತಿ. ರಜೆ ಹಾಕಿದೀವಿ, ಇನ್ಶೂರೆನ್ಸ್ ಅಪ್ರೂವ್ ಆಗಿದೆ, ಡೇಟ್ ಮುಂದೆ ಹೋಗುತ್ತೆ ಅಂತ ಮುಚ್ಚಿಡಬೇಡಿ. ಮನೆಯಲ್ಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ, ಅದನ್ನೂ ಹೇಳಿ. ಮುಖ್ಯವಾಗಿ, ಮಗು ಅಳ್ತಿದೆ ಅಂತ ಬೆಳಗ್ಗೆ ಅಜ್ಜಿ ನಾಲ್ಕು ಚಮಚ ಹಾಲು ಕುಡಿಸಿದ್ರೆ, ಬೈತಾರೆ ಅಂತ ಹೆದರದೆ, ಥಿಯೇಟರ್ ಬಾಗಿಲಲ್ಲಾದ್ರೂ ಸರಿ, ಹೇಳಿಬಿಡಿ.