ವಿಕಾಸವಾದವೂ ಶಿವಭಕ್ತಿಯೂ

(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

ವ್ಯಾಕರಣ ತರ್ಕಗಳನ್ನೂ ಸಿದ್ಧಾಂತಗ್ರಂಥಗಳನ್ನೂ ಪಾಠಶಾಲೆಯಲ್ಲಿ ಓದಿದವನು ನಾನು. ಪ್ರಾಣಿಶಾಸ್ತ್ರವು ನನಗೆ ಗುರುಮುಖದಿಂದ ಬಂದ ವಿದ್ಯೆಯಲ್ಲ. ಆದರೂ ಈ ವಿಷಯವನ್ನೆತ್ತಿಕೊಂಡುದಕ್ಕೆ ಕಾರಣವುಂಟು.

ಕೆಲವು ವರ್ಷಗಳ ಹಿಂದೆ ಪ್ರಸಾದನಿಲಯದ ಬಾಲಕನೊಬ್ಬನು ಪಾಠದ ನಡುವೆ ಎದ್ದುನಿಂತು, “ಗುರುಗಳೇ, ಶಾಲೆಯಲ್ಲಿ ಮನುಷ್ಯನು ಕೋತಿಯಿಂದ ಬಂದನೆನ್ನುತ್ತಾರೆ; ತಾವು ಶಿವನಿಂದ ಎನ್ನುತ್ತೀರಿ. ನಾನು ಯಾವುದನ್ನು ನಂಬಲಿ?” ಎಂದು ಕೇಳಿದನು. “ಪರೀಕ್ಷೆಯಲ್ಲಿ ಅದನ್ನು ಬರೆ, ಪೂಜೆಯಲ್ಲಿ ಇದನ್ನು ನಂಬು” ಎಂದು ಹೇಳಿ ಕುಳ್ಳಿರಿಸಿದೆನು. ಅವನು ಕುಳಿತನು, ಆಮೇಲೆ ನನ್ನನ್ನು ಏನನ್ನೂ ಕೇಳಲಿಲ್ಲ. ಎರಡು ನಾಲಗೆಯಿಂದ ನುಡಿಯುವುದನ್ನು ನಾನೇ ಅವನಿಗೆ ಕಲಿಸಿದೆನಲ್ಲಾ ಎಂಬ ಅಳಲು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಬಳಿಕ ಆ ಶಾಸ್ತ್ರದ ಪುಸ್ತಕಗಳನ್ನು ತರಿಸಿ ಓದಿದೆನು. ಈಗಿರುವ ಕೋತಿಯಿಂದ ಮನುಷ್ಯನು ಹುಟ್ಟಿದನೆಂದು ಅದು ಹೇಳುವುದಿಲ್ಲ. ಇಬ್ಬರಿಗೂ ಬಹು ಪುರಾತನವಾದ ಮೂಲವೊಂದಿತ್ತೆಂದು ಹೇಳುತ್ತದೆ. ನಮ್ಮ ರೈತನು ಬಿತ್ತನೆಗಾಗಿ ದಪ್ಪನೆಯ ತೆನೆಗಳನ್ನು ಆರಿಸಿ ಇಡುವನಷ್ಟೆ? ವರ್ಷವರ್ಷವೂ ಹೀಗೆ ಆರಿಸಿದರೆ ತಳಿಯೇ ಬದಲಾಗುವುದು. ಆರಿಸುವವನಿಲ್ಲದೆಯೇ, ಬದುಕಿ ಉಳಿದು ಸಂತಾನ ಬೆಳೆಸಿದವುಗಳ ಮೂಲಕ ಇದೇ ಕಾರ್ಯವು ಲಕ್ಷಾಂತರ ವರ್ಷ ನಡೆಯಿತೆಂಬುದು 1859ರಲ್ಲಿ ಡಾರ್ವಿನ್ ಪಂಡಿತನು ಪ್ರಕಟಿಸಿದ ಗ್ರಂಥದ ಸಾರ.

ಇದನ್ನು ಕೇಳಿದೊಡನೆ ನಮ್ಮವರಲ್ಲಿ ಕೆಲವರು, “ಇದು ಹೊಸದೇನು? ಮೂವತ್ತಾರು ತತ್ತ್ವಗಳಲ್ಲಿ ನಮ್ಮ ಹಿರಿಯರು ಎಂದೋ ಹೇಳಿದ್ದಾರೆ” ಎಂದು ಹಿಗ್ಗುವರು. ನನಗೆ ಈ ಸಮನ್ವಯವು ಒಪ್ಪಿಗೆಯಿಲ್ಲ. ತತ್ತ್ವಕ್ರಮವು ಶಿವತತ್ತ್ವದಿಂದ ಪೃಥ್ವಿಯವರೆಗೆ, ಸೂಕ್ಷ್ಮದಿಂದ ಸ್ಥೂಲಕ್ಕೆ ಇಳಿಯುವುದು. ಸಾಧಕನು ಅದನ್ನೇ ಹಿಮ್ಮುಖವಾಗಿ ಏರಲೆಂದು ಅದನ್ನು ಹೇಳಿದೆ. ಮೀನು ಕಪ್ಪೆಗಳ ವಂಶಾವಳಿ ಅದರಲ್ಲಿಲ್ಲ. ಇಲ್ಲದುದನ್ನು ಇದೆಯೆಂದರೆ ಎರಡು ಶಾಸ್ತ್ರಗಳಿಗೂ ಅಪಚಾರ. ಆದರೆ ನಮ್ಮ ಸಿದ್ಧಾಂತವು ಜಗತ್ತನ್ನು ಮಿಥ್ಯೆಯೆನ್ನದೆ, ಶಿವನಲ್ಲಿ ನೆಲೆಸಿದ ಶಕ್ತಿಯ ಪರಿಣಾಮವೆಂದೂ ಸತ್ಯವೆಂದೂ ಸಾರುತ್ತದೆ. ಜಗತ್ತು ಸತ್ಯವೆಂದವರು ಕಲ್ಲಿನಲ್ಲಿ ದೊರೆತ ಎಲುಬಿನ ಸಾಕ್ಷ್ಯವನ್ನು ಸುಳ್ಳೆನ್ನುವುದು ಹೇಗೆ? ಹಾಗೆಂದರೆ ನಮ್ಮ ಸಿದ್ಧಾಂತಕ್ಕೇ ಭಂಗ ಬರುವುದು.

ಡಾರ್ವಿನ್ ಸ್ವತಃ ಪಾದ್ರಿಯಾಗಲೆಂದು ಕೇಂಬ್ರಿಜ್ಜಿನಲ್ಲಿ ಓದಿದವನು. ಅವನ ಮಿತ್ರನೂ ಅಮೇರಿಕೆಯ ಸಸ್ಯಶಾಸ್ತ್ರಜ್ಞನೂ ಆದ ಏಸಾ ಗ್ರೇ ಎಂಬವನು ದೃಢವಾದ ಕ್ರೈಸ್ತಭಕ್ತನಾಗಿದ್ದುಕೊಂಡೇ ಈ ವಾದವನ್ನು ಎತ್ತಿಹಿಡಿದನು. ಡಾರ್ವಿನ್ನನಿಗೆ ತೊಡಕಾದುದು ಬೇರೆ. ಒಂದು ಜಾತಿಯ ಕಣಜವು ಜೀವಂತ ಕಂಬಳಿಹುಳುವಿನೊಳಗೆ ಮೊಟ್ಟೆಯಿಡುವುದು. ಮರಿಗಳು ಅದನ್ನು ಒಳಗಿನಿಂದಲೇ ತಿಂದು ಬೆಳೆಯುವುವು. ದಯಾಮಯನಾದ ದೇವರು ಇದನ್ನು ಬೇಕೆಂದೇ ಸೃಷ್ಟಿಸಿರುವನೆಂದು ಒಪ್ಪಲಾರೆನೆಂದು ಅವನು 1860ರಲ್ಲಿ ಗ್ರೇಗೆ ಬರೆದನು. ಅದಕ್ಕೆ ಒಂಬತ್ತು ವರ್ಷ ಮೊದಲು, 1851ರಲ್ಲಿ, ಅವನ ಹತ್ತು ವರ್ಷದ ಮಗಳು ಆನ್ನಿ ತೀರಿಕೊಂಡಿದ್ದಳು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಈ ಸಭೆಯಲ್ಲಿಯೂ ಇರುವಿರಿ. ಆ ಪ್ರಶ್ನೆಯನ್ನು ನಾಸ್ತಿಕವೆಂದು ನಾನು ಹೇಗೆ ತಿರಸ್ಕರಿಸಲಿ? ಕಣಜದಲ್ಲಿ ಕರುಣೆಯನ್ನು ಹುಡುಕಿದರೆ ದೊರೆಯದು. ಶರಣರು ದಯೆಯನ್ನು ಕಾಡಿನಲ್ಲಿ ಹುಡುಕಲಿಲ್ಲ. ತಮ್ಮ ಕಾಯಕದಲ್ಲಿಯೂ ದಾಸೋಹದಲ್ಲಿಯೂ ಅದನ್ನು ನಡೆಸಿ ತೋರಿದರು. ಈ ಉತ್ತರವು ಪೂರ್ಣವಲ್ಲವೆಂದು ನಾನೂ ಬಲ್ಲೆನು.

ಇನ್ನೊಂದು ಮಾತು. ಮೊರಾಕೊ ದೇಶದ ಜೆಬೆಲ್ ಇರ್ಹೂದಿನಲ್ಲಿ ದೊರೆತ ಮಾನವಾಸ್ಥಿಗಳು ಸುಮಾರು 3 ಲಕ್ಷ ವರ್ಷಗಳಷ್ಟು ಹಳೆಯವೆಂದು 2017ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಇಂದಿನ ಮಾನವರೆಲ್ಲರ ಬೇರೂ ಆಫ್ರಿಕಾ ಖಂಡದಲ್ಲಿದೆಯೆಂಬುದು ಅವರ ನಿರ್ಣಯ. ಹುಟ್ಟಿನಿಂದ ಮೇಲುಕೀಳೆಂಬುದನ್ನು 12ನೆಯ ಶತಮಾನದಲ್ಲಿಯೇ ನಿರಾಕರಿಸಿದ ಬಸವಾದಿ ಶರಣರ ಸಂತತಿಯವರು ಈ ಮಾತಿಗೆ ಹೆದರಬೇಕೇ? ಹೆದರುವವರಿದ್ದರೆ, ಅವರಿಗೆ ನೋವಾಗುವುದು ಕೋತಿಯ ನಂಟಿನಿಂದಲೋ ನೆರೆಮನೆಯವನ ನಂಟಿನಿಂದಲೋ ಎಂದು ಒಮ್ಮೊಮ್ಮೆ ನನಗೆ ಸಂಶಯವಾಗುವುದು.

ಆ ಬಾಲಕನು ಈಗ ಎಲ್ಲಿರುವನೋ ಅರಿಯೆನು. ಈ ಸಂಚಿಕೆಯು ಅವನ ಕೈಸೇರಿದರೆ, ಅಂದು ಕೊಡಬೇಕಾಗಿದ್ದ ಉತ್ತರವು ಇದೆಂದು ತಿಳಿಯಲಿ. ಪಾಠಶಾಲೆಯ ಪುಸ್ತಕಭಂಡಾರದಲ್ಲಿ ಜೀವಶಾಸ್ತ್ರದ ಗ್ರಂಥಗಳಿಗೂ ಒಂದು ಕಪಾಟನ್ನು ದಯಪಾಲಿಸಬೇಕೆಂದು ಶ್ರೀಗಳವರಲ್ಲಿ ಬಿನ್ನವಿಸುವೆನು.