ಹತ್ತು ನಿಮಿಷ ಕರೆಯಬೇಡಿ



ಈಚೆಗೆ ನಮ್ಮ ಮೈಸೂರಿನಂಥ ಊರುಗಳಲ್ಲೂ ಮಕ್ಕಳು ಹಟ ಹಿಡಿದು ಮನೆಯಲ್ಲಿ ಮಾಡಿಸಿಕೊಳ್ಳುವ ತಿನಿಸುಗಳಲ್ಲಿ ಲಸಾನ್ಯಾ ಒಂದು. ಇಟಲಿಯ ಅಡುಗೆ. ಗೋಧಿಯ ತೆಳು ಹಾಳೆ, ಅದರ ಮೇಲೆ ಟೊಮೆಟೊ ಸಾಸ್, ತರಕಾರಿ, ಬಿಳಿ ಸಾಸ್, ಚೀಸ್. ಮತ್ತೆ ಹಾಳೆ, ಮತ್ತೆ ಸಾಸ್. ಹೀಗೆ ನಾಲ್ಕೈದು ಪದರು ಏರಿಸಿ ಓವನ್ನಿನಲ್ಲಿ ಬೇಯಿಸುತ್ತಾರೆ. ಹೇಳಲು ಅರ್ಧ ನಿಮಿಷ ಸಾಕು, ಮಾಡಲು ಒಂದು ಮಧ್ಯಾಹ್ನವೇ ಬೇಕು. ಆ ಮಧ್ಯಾಹ್ನ ಮನೆಯೊಳಗೆ ಏನೇನು ನಡೆಯುತ್ತದೆ ಎಂಬುದರ ಬಗ್ಗೆ ಇವತ್ತು ಮಾತಾಡಬೇಕು ಅನಿಸಿದೆ.

ತರಕಾರಿ ಲಸಾನ್ಯಾ ಎಂದರೆ ಮಾಂಸ ತಿನ್ನದವರಿಗಾಗಿ ಆಮೇಲೆ ಮಾಡಿಕೊಂಡ ರಾಜಿ ಎಂದು ಕೆಲವರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಸುಮಾರು 700 ವರ್ಷಗಳ ಹಿಂದಿನ ‘ಲಿಬರ್ ದೆ ಕೊಕ್ವಿನಾ’ ಎಂಬ ಲ್ಯಾಟಿನ್ ಪಾಕಗ್ರಂಥದಲ್ಲಿ ಈ ಅಡುಗೆಯ ಹಳೆಯ ರೂಪ ಸಿಗುತ್ತದೆ. ಹಿಟ್ಟನ್ನು ತೆಳುವಾಗಿ ಲಟ್ಟಿಸಿ, ಚೌಕವಾಗಿ ಕತ್ತರಿಸಿ, ನೀರಿನಲ್ಲಿ ಬೇಯಿಸಿ, ತುರಿದ ಚೀಸ್ ಮತ್ತು ಮಸಾಲೆಪುಡಿ ಉದುರಿಸುತ್ತಾ ಪದರು ಪದರಾಗಿ ಜೋಡಿಸಬೇಕು ಎಂದಷ್ಟೇ ಅಲ್ಲಿದೆ. ಮಾಂಸದ ಮಾತಿಲ್ಲ. ಟೊಮೆಟೊ ಕೂಡ ಇಲ್ಲ. ಅಮೆರಿಕ ಖಂಡದಿಂದ ಟೊಮೆಟೊ ಯುರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ. ಕೊಚ್ಚಿದ ಮಾಂಸ ಹಾಕುವ ಬೊಲೋನ್ಯಾ ಊರಿನ ಲಸಾನ್ಯಾ ಲೋಕಪ್ರಸಿದ್ಧವಾಯಿತು, ನಿಜ. ಆದರೆ ಅದೇ ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ ತುಳಸಿಯ ಜಾತಿಯದೇ ಆದ ಬೇಸಿಲ್ ಸೊಪ್ಪನ್ನು ಅರೆದು ಮಾಡಿದ ಪೆಸ್ಟೊವನ್ನು ಹಾಳೆಗಳ ನಡುವೆ ಸವರುತ್ತಾರೆ. ಎಲ್ಲ ಕಡೆಯೂ ಇದು ಭಾನುವಾರದ, ಹಬ್ಬದ ಅಡುಗೆ. ಮನೆ ತುಂಬ ಜನ ಇರುವಾಗ ಮಾಡುವಂಥದ್ದು.

ಅಂಗಡಿಯಲ್ಲಿ ಸಿಗುವ ಒಣ ಹಾಳೆಯ ಪೊಟ್ಟಣದ ಮೇಲೆ ಡ್ಯೂರಮ್ ಗೋಧಿ ಎಂದು ಬರೆದಿರುತ್ತದೆ. ಅದನ್ನು ಪರದೇಶದ ಪದಾರ್ಥ ಎಂದುಕೊಳ್ಳಬೇಕಾಗಿಲ್ಲ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಅದೇ ಜಾತಿಯ ಗಟ್ಟಿ ಗೋಧಿಯದು. ಧಾರವಾಡ, ವಿಜಯಪುರದ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿಗೆ ಬೆಳೆಯುತ್ತಾ ಬಂದಿರುವ ಬೆಳೆ. ಉಪ್ಪಿಟ್ಟು ಮುದ್ದೆಯಾಗದೆ ಉದುರು ಉದುರಾಗಿ ಬರುವುದಕ್ಕೂ, ಪಾಸ್ತಾ ಬೆಂದ ಮೇಲೆ ಕರಗದೆ ಗಟ್ಟಿಯಾಗಿ ನಿಲ್ಲುವುದಕ್ಕೂ ಆ ಗೋಧಿಯ ಗುಣವೇ ಕಾರಣ.

“ಇದರಲ್ಲಿ ಮೊಟ್ಟೆ ಇಲ್ಲ ತಾನೇನಮ್ಮ?” ನಮ್ಮ ಅತ್ತೆ ಪೊಟ್ಟಣವನ್ನು ಕೈಗೆತ್ತಿಕೊಂಡು ಕೇಳುವ ಮೊದಲ ಪ್ರಶ್ನೆ ಇದು. ಸರಿಯಾದ ಪ್ರಶ್ನೆಯೇ. ಬೊಲೋನ್ಯಾದ ಮನೆಗಳಲ್ಲಿ ಕೈಯಲ್ಲಿ ಲಟ್ಟಿಸುವ ಹಸಿ ಹಾಳೆಗೆ ಮೊಟ್ಟೆ ಹಾಕಿಯೇ ಹಾಕುತ್ತಾರೆ. ಒಣ ಹಾಳೆಗಳಲ್ಲಿ ಬರೀ ರವೆ ಮತ್ತು ನೀರು ಇರುವಂಥವೂ ಸಿಗುತ್ತವೆ, ಹಸಿರು ಚುಕ್ಕೆ ನೋಡಿ ಕೊಂಡರಾಯಿತು. ಅತ್ತೆ ಕೇಳದೇ ಬಿಡುವ ಇನ್ನೊಂದು ಪ್ರಶ್ನೆ ಚೀಸಿನದು. ಇಟಲಿಯ ಅಸಲಿ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಪದಾರ್ಥವನ್ನೇ ಬಳಸಬೇಕೆಂಬ ನಿಯಮವಿದೆ. ಸಸ್ಯಾಹಾರಿಗಳ ಮನೆಗೆ ಅದು ಹೊಂದುವುದಿಲ್ಲ. ಹಸಿರು ಚುಕ್ಕೆಯ ನಮ್ಮ ದೇಶದ ಚೀಸ್‌ಗೆ ಆ ತೊಡಕಿಲ್ಲ. ನಂಬಿ ತಿನ್ನುವವರ ತಟ್ಟೆಗೆ ಏನು ಬಡಿಸುತ್ತಿದ್ದೇವೆ ಎಂಬುದು ಬಡಿಸುವವರಿಗೆ ಗೊತ್ತಿರಬೇಕು.

ಇನ್ನು ತರಕಾರಿ. ಬದನೆ, ಪಾಲಕ್, ಅಣಬೆ, ದಪ್ಪ ಮೆಣಸಿನಕಾಯಿ, ಯಾವುದಾದರೂ ಸರಿ. ಆದರೆ ತರಕಾರಿಯ ನೀರು ಹೋಗಬೇಕು. ಬದನೆ ಹೋಳಿಗೆ ಉಪ್ಪು ಸವರಿ ಅರ್ಧ ಗಂಟೆ ಇಟ್ಟು ಒರೆಸಿ ಹುರಿಯಬೇಕು. ಪಾಲಕ್ ಬಾಡಿಸಿ, ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ನೀರು ಉಳಿದರೆ ಪದರುಗಳು ಜಾರಿ ಕೊನೆಗೆ ಸಾರಿನಲ್ಲಿ ತೇಲುತ್ತವೆ.

ಇವೆಲ್ಲ ನಿಲ್ಲಿಸಿ ಮುಂದುವರಿಸಬಹುದಾದ ಕೆಲಸಗಳು. ಹೆಚ್ಚುತ್ತಿರುವಾಗ ಪಕ್ಕದ ಮನೆಯವರು ಹೆಪ್ಪಿಗೆ ಎರಡು ಚಮಚ ಮೊಸರು ಕೇಳಿಕೊಂಡು ಬಂದರೆ ಕೊಟ್ಟು ಬರಬಹುದು. ಟೊಮೆಟೊ ಕುದಿಯುತ್ತಿರುವಾಗ ಮಗನ ಲೆಕ್ಕ ನೋಡಬಹುದು. ಗ್ಯಾಸ್ ಸಿಲಿಂಡರ್ ತಂದವನಿಗೆ ದುಡ್ಡು ಎಣಿಸಿ ಕೊಡಬಹುದು, ಸ್ನಾನಕ್ಕೆ ಹೋದವರು ಟವೆಲ್ ಎಂದು ಕೂಗಿದರೆ ಅದನ್ನೂ ಕೊಡಬಹುದು. ಕುಟುಂಬದ ಗಲಾಟೆಗೆ ಹೊಂದಿಕೊಳ್ಳುವ ಅಡುಗೆ ಇದು. ಹಿಂದಿನ ದಿನವೇ ಪದರು ಜೋಡಿಸಿ ಫ್ರಿಜ್ಜಿನಲ್ಲಿಟ್ಟು ಮರುದಿನ ಬೇಯಿಸಿದರೂ ಅದಕ್ಕೆ ಬೇಸರವಿಲ್ಲ.

ಒಂದು ಹಂತ ಮಾತ್ರ ಹಾಗಲ್ಲ. ಅದು ಬಿಳಿ ಸಾಸ್.

50 ಗ್ರಾಂ ಬೆಣ್ಣೆ ಕರಗಿಸಿ, ಅಷ್ಟೇ ಮೈದಾ ಹಾಕಿ, ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವವರೆಗೆ ಕೈಯಾಡಿಸಬೇಕು. ಬಣ್ಣ ಬದಲಾಗಬಾರದು. ಅದಕ್ಕೆ ಅರ್ಧ ಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾ ಮತ್ತೆ ಕೈಯಾಡಿಸಬೇಕು. ಮೊದಲು ಹಾಕಿದ ಹಾಲಿಗೆ ಮೈದಾ ಮುದ್ದೆ ಕಟ್ಟುತ್ತದೆ, ನೋಡಿದವರಿಗೆ ಕೆಟ್ಟಿತೇನೋ ಅನಿಸುತ್ತದೆ. ಮುಂದಿನ ಹಾಲಿಗೆ ಸಡಿಲವಾಗುತ್ತದೆ, ಆಮೇಲೆ ಹೊಳಪು ಬರುತ್ತದೆ. ಬೆಣ್ಣೆ ಮೈದಾದ ಕಣಕಣವನ್ನೂ ಸವರಿ ಬೇರೆ ಮಾಡಿ ಇಟ್ಟಿರುತ್ತದೆ. ಬಿಸಿ ಹಾಲಿನಲ್ಲಿ ಆ ಕಣಗಳು ನಿಧಾನವಾಗಿ ಉಬ್ಬಿ ಸಾಸನ್ನು ಗಟ್ಟಿಮಾಡುತ್ತವೆ. ತಳದಲ್ಲಿ ಕೈಯಾಡುವುದು ಅರೆಕ್ಷಣ ನಿಂತರೂ ಗಂಟಾಗುತ್ತದೆ, ಇಲ್ಲವೇ ಸೀಯುತ್ತದೆ. ನೀರು ದೋಸೆಯ ಹಿಟ್ಟಿಗಿಂತ ತುಸು ಗಟ್ಟಿ ಹದಕ್ಕೆ ಬಂದಾಗ ಉಪ್ಪು, ಮೆಣಸಿನ ಪುಡಿ, ಚೂರು ಜಾಯಿಕಾಯಿ ತುರಿದು ಹಾಕಿ ಒಲೆ ಆರಿಸುವುದು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ಕರೆಗಂಟೆ ಬಾರಿಸುವುದು ಆ ಹತ್ತು ನಿಮಿಷದಲ್ಲೇ. “ಅಮ್ಮಾ, ನನ್ನ ಕಂಪಾಸ್ ಬಾಕ್ಸ್ ಎಲ್ಲಿ?” “ನೋಡೇ, ನಿನ್ನ ಫೋನು ಹೊಡ್ಕೋತಾ ಇದೆ.” “ನನ್ನ ಮಾತ್ರೆ ಆಯ್ತೇನಮ್ಮ, ಇಲ್ವಾ?” ಯಾರೂ ಕೆಟ್ಟವರಲ್ಲ, ಯಾರಿಗೂ ಅಡುಗೆ ಕೆಡಿಸುವ ಇರಾದೆ ಇಲ್ಲ. ಮನೆಯ ಎಲ್ಲ ಪ್ರಶ್ನೆಗಳಿಗೂ ಉತ್ತರ ಅಡುಗೆಮನೆಯಲ್ಲಿದೆ ಎಂಬುದು ಎಲ್ಲರಿಗೂ ರೂಢಿಯಾಗಿಬಿಟ್ಟಿದೆ, ಅಷ್ಟೇ. ಇಷ್ಟಾಗಿ ಕಂಪಾಸ್ ಬಾಕ್ಸ್ ಇರುವುದು ಕೇಳುತ್ತಿರುವವನ ಚೀಲದಲ್ಲೇ.

ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆ 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ದೇಶದಾದ್ಯಂತ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಿದ್ದರು ಎಂದು ತಿಳಿದುಬಂತು. ಆ 97 ಕೂಡ ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ. ಅಂಥವರು ಆಗ ನೂರಕ್ಕೆ 26 ಮಂದಿ ಮಾತ್ರ ಇದ್ದರು. ಆ ಸಮೀಕ್ಷೆಯಲ್ಲಿ ದಿನವನ್ನು ಅರ್ಧರ್ಧ ಗಂಟೆಯ ಕಂತುಗಳಾಗಿ ವಿಂಗಡಿಸಿ, ಒಂದು ಕಂತಿನಲ್ಲಿ ಹೆಚ್ಚೆಂದರೆ ಮೂರು ಕೆಲಸಗಳನ್ನು ಬರೆದುಕೊಂಡಿದ್ದರು. ಮೊಸರು ಕೊಟ್ಟದ್ದು, ಟವೆಲ್ ಕೊಟ್ಟದ್ದು, ಲೆಕ್ಕ ತಿದ್ದಿದ್ದು, ಸಿಲಿಂಡರ್ ತೆಗೆದುಕೊಂಡದ್ದು, ಇವೆಲ್ಲ ಸೇರಿದ ಅರ್ಧ ಗಂಟೆ ಆ ಪಟ್ಟಿಯಲ್ಲಿ ಹಿಡಿಸುವುದಿಲ್ಲ. ನನ್ನ ಮಟ್ಟಿಗೆ ಅಡುಗೆಯ ಆಯಾಸ ನಿಂತ ಹೊತ್ತಿನಿಂದ ಅಷ್ಟಾಗಿ ಬರುವುದಿಲ್ಲ. ಮನಸ್ಸು ಮತ್ತೆ ಮತ್ತೆ ತುಂಡಾಗುವುದರಿಂದ ಬರುತ್ತದೆ. ಒಲೆಯ ಮುಂದೆ ಒಬ್ಬರೇ, ಕೈಯಲ್ಲಿರುವ ಒಂದೇ ಕೆಲಸದ ಮೇಲೆ ಪೂರ್ತಿ ಮನಸ್ಸಿಟ್ಟು ನಿಲ್ಲುವ ಹೊತ್ತು ದೊಡ್ಡ ಸುಖ. ಸಂಗೀತ ಅಭ್ಯಾಸ ಮಾಡುವವರಿಗೆ, ಓದುವವರಿಗೆ ಆ ಹೊತ್ತನ್ನು ನಾವು ಕೇಳದೆಯೇ ಕೊಡುತ್ತೇವೆ. “ಓದ್ತಿದಾನೆ, ಗಲಾಟೆ ಮಾಡಬೇಡಿ” ಎಂದು ಇಡೀ ಮನೆ ಟಿ.ವಿ. ಸದ್ದು ತಗ್ಗಿಸುತ್ತದೆ. ಸಾಸ್ ತಿರುವುತ್ತಿರುವವರಿಗೂ ಆ ಹಕ್ಕಿದೆ.

ಲಸಾನ್ಯಾದ ಒಂದು ದೊಡ್ಡ ಗುಣವೆಂದರೆ ಇದರಲ್ಲಿ ಎಲ್ಲರ ಕೈಗೂ ಕೆಲಸವಿದೆ. ನಮ್ಮ ಮನೆಯಲ್ಲಿ ಪಾಲಕ್ ಹಿಂಡುವುದು ಅತ್ತೆ. ಆ ಹಳೆಯ ಕೈಗಳಲ್ಲಿ ಇನ್ನೂ ಎಷ್ಟು ಬಲವಿದೆ ಎಂಬುದು ಬಟ್ಟೆಯಿಂದ ಇಳಿಯುವ ಹಸಿರು ನೀರು ನೋಡಿದರೆ ಗೊತ್ತಾಗುತ್ತದೆ. ಚೀಸ್ ತುರಿಯುವುದು ನಮ್ಮ ಯಜಮಾನರು. ಹಾಳೆ ಜೋಡಿಸುವುದು ಮಗಳು. ಮೂಲೆಗೆ ಹಾಳೆ ಸಾಲದಿದ್ದರೆ ಮುರಿದು ತುಂಡು ಕೂರಿಸುತ್ತಾಳೆ, ಸಾಸ್ ಅಂಚಿನವರೆಗೂ ಸವರುತ್ತಾಳೆ. ಅಂಚು ಒಣಗಿದರೆ ಓವನ್ನಿನಲ್ಲಿ ಹಪ್ಪಳವಾಗುತ್ತದೆ ಎಂಬುದು ಅವಳಿಗೆ ಈಗ ನನಗಿಂತ ಚೆನ್ನಾಗಿ ಗೊತ್ತು. 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಯ ಹತ್ತಿರ ಬೇಯಬೇಕು. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ, ಓವನ್ ಬಾಗಿಲು ತೆಗೆಯದೆ ಕಾದರೆ ಒಳಗಿನ ಕಾವು ಸ್ವಲ್ಪ ಹೊತ್ತು ನಿಲ್ಲುತ್ತದೆ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಮೇಲೆ ಕೆಂಪಗಾಗುವುದಿಲ್ಲ, ರುಚಿಗೇನೂ ಕೊರತೆಯಿಲ್ಲ.

ಹೊರಗೆ ತೆಗೆದ ಮೇಲೆ ಕಾಲು ಗಂಟೆ ಮುಟ್ಟಬಾರದು. ಬಿಸಿಯಲ್ಲೇ ಕತ್ತರಿಸಿದರೆ ಪದರು ಕುಸಿಯುತ್ತದೆ; ಆರಿದಷ್ಟೂ ಸಾಸ್ ಬಿಗಿದು ತುಂಡು ನೆಟ್ಟಗೆ ಎದ್ದು ಬರುತ್ತದೆ. ಮೇಜು ಅಣಿ ಮಾಡಲು, ಸಿಂಕಿನ ಪಾತ್ರೆ ತೊಳೆಯಲು ಅಷ್ಟು ಹೊತ್ತು ಸಾಕು. ಆ ಪಾತ್ರೆಗಳು ಅಡುಗೆ ಮಾಡಿದವರ ಪಾಲಿಗೆ ಬರಬಾರದು ಎಂಬುದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ಇವತ್ತು ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ಮನೆಯಲ್ಲಿ ಲಸಾನ್ಯಾ ಮಾಡದೆ ಇರಬಹುದು, ಹೋಳಿಗೆಯ ಹೂರಣ ಕೆದಕುತ್ತಿರಬಹುದು, ಮೈಸೂರು ಪಾಕಿಗೆ ಎಳೆ ಪಾಕ ನೋಡುತ್ತಿರಬಹುದು. ಕೈ ಬಿಡಲಾಗದ ಹತ್ತು ನಿಮಿಷ ಪ್ರತಿ ಅಡುಗೆಮನೆಯಲ್ಲೂ ಬರುತ್ತದೆ. ಆಗ ಬಾಗಿಲು ನೀವು ತೆರೆಯಿರಿ, ಫೋನು ನೀವು ಎತ್ತಿಕೊಳ್ಳಿ, ಕಂಪಾಸ್ ಬಾಕ್ಸ್ ನೀವೇ ಹುಡುಕಿಕೊಡಿ. ಒಲೆಯ ಮುಂದೆ ನಿಂತಿರುವವರಿಗೂ ಒಂದು ಮಾತು: ಸಂಕೋಚ ಬೇಡ, “ಹತ್ತು ನಿಮಿಷ ನನ್ನನ್ನ ಕರೀಬೇಡಿ” ಎಂದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿ.